ಸಿಎನ್‌ಸಿ ಲೇತ್‌ನಲ್ಲಿ ಅಳತೆ ತಪ್ಪಿದಾಗ: ದೋಷ ಪ್ರೋಗ್ರಾಂನಲ್ಲಿದೆಯೇ, ಹೊರಗಿದೆಯೇ?

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವ ಮಾಚೇನಹಳ್ಳಿಯ ಸಣ್ಣ ಮಷಿನ್ ಶಾಪ್‌ಗಳಲ್ಲಿ, ಪ್ರೋಗ್ರಾಂ ಎಂಬ ಆದೇಶಪಟ್ಟಿಯಂತೆ ತಾನೇ ಲೋಹ ಕತ್ತರಿಸುವ ಸಿಎನ್‌ಸಿ ಲೇತ್‌ನಲ್ಲಿ ಜಾಬ್‌ನ (ತಯಾರಾಗುವ ಭಾಗದ) ಅಳತೆ ತಪ್ಪಿದೊಡನೆ ಕೇಳಿಬರುವ ಮೊದಲ ಮಾತು "ಪ್ರೋಗ್ರಾಂ ಸರಿ ಇಲ್ಲ ಸಾರ್" ಎಂಬುದು. ಅದರ ಬೆನ್ನಿಗೇ ಯಾರಾದರೂ ಎಡಿಟ್ ಗುಂಡಿ ಒತ್ತಿ, ವ್ಯಾಸ ಸೂಚಿಸುವ ಎಕ್ಸ್ ಬೆಲೆಯೊಂದನ್ನು 0.02 ಮಿ.ಮೀ.ನಷ್ಟು ತಿದ್ದಿರುತ್ತಾರೆ. ಆ ಪಾಳಿ ಮುಗಿಯುವವರೆಗೆ ಕೆಲಸ ಸುಸೂತ್ರವಾಗಿ ಸಾಗುತ್ತದೆ. ಮುಂದಿನ ಪಾಳಿಯವರು ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬದಲಿಸಿ ಆಫ್‌ಸೆಟ್ (ಆ ತುದಿಯ ಸ್ಥಾನಕ್ಕಾಗಿ ಯಂತ್ರದಲ್ಲಿ ಕೊಡುವ ಅಳತೆ) ಹೊಸದಾಗಿ ಹಾಕಿದಾಗ ಅದೇ 0.02 ಎದುರು ದಿಕ್ಕಿನಲ್ಲಿ ತಲೆ ಎತ್ತುತ್ತದೆ, ಮತ್ತೊಬ್ಬರು ಮತ್ತೊಂದು ಸಾಲನ್ನು ತಿದ್ದುತ್ತಾರೆ. ಕೆಲವು ವಾರಗಳಲ್ಲಿ ಪ್ರೋಗ್ರಾಂಗೂ ಡ್ರಾಯಿಂಗ್‌ಗೂ ಸಂಬಂಧವೇ ಉಳಿಯುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯಲ್ಲಿ ದೋಷ ಎಲ್ಲಿದೆ ಎಂಬುದು ಖಚಿತವಾಗುವ ಮೊದಲು ಪ್ರೋಗ್ರಾಂ ಮುಟ್ಟಬಾರದು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಾಗಿದೆ.

ಇಲ್ಲಿ ಹೇಳುವುದೆಲ್ಲ ಫ್ಯಾನುಕ್ ಕಂಪನಿಯ ಮಾದರಿಯ ನಿಯಂತ್ರಕವಿರುವ, ಎಕ್ಸ್ (ವ್ಯಾಸದ ದಿಕ್ಕು) ಮತ್ತು ಝಡ್ (ಉದ್ದದ ದಿಕ್ಕು) ಎಂಬ ಎರಡು ಅಕ್ಷಗಳ ಲೇತ್‌ಗೆ ಅನ್ವಯಿಸುತ್ತದೆ. ಉದಾಹರಣೆಗೆ ಉದ್ದಕ್ಕೂ ಒಂದೇ ಜಾಬ್ ಇಟ್ಟುಕೊಳ್ಳೋಣ: ಮಲೆನಾಡಿನಲ್ಲಿ ಸದಾ ಬೇಡಿಕೆಯಿರುವ ಅಡಿಕೆ ಸುಲಿಯುವ ಯಂತ್ರದ ಶಾಫ್ಟ್. ಇಎನ್8 ಉಕ್ಕಿನ 45 ಮಿ.ಮೀ. ಸರಳಿನಿಂದ 40 ಮಿ.ಮೀ. ವ್ಯಾಸದ ಮೈ, 6205 ಬೇರಿಂಗ್ ಕೂರುವ 25 ಮಿ.ಮೀ. ವ್ಯಾಸದ ಭಾಗ, ತುದಿಯಲ್ಲಿ ಎಂ20 × 2.5 ಥ್ರೆಡ್. ಬೇರಿಂಗ್ ಕೂರುವ ಜಾಗಕ್ಕೆ ಕೆ6 ಎಂಬ ಅಳತೆಮಿತಿಯ ಹೊಂದಿಕೆ ಕೊಟ್ಟಿದ್ದರೆ ಅಳತೆ 25.002 ಮತ್ತು 25.015ರ ನಡುವೆ ಬರಬೇಕು. ಅಂದರೆ ನಮಗೆ ಸಿಗುವ ಅವಕಾಶ ಒಟ್ಟು 13 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.).

ಐದು ಜಾಬ್ ಅಳೆಯುವುದು

ಯಾವುದನ್ನೂ ಬದಲಿಸದೆ ಸತತವಾಗಿ ಐದು ಜಾಬ್ ತೆಗೆದು, ಕ್ರಮಸಂಖ್ಯೆ ಬರೆದು, ತಣ್ಣಗಾದ ಮೇಲೆ ಮೈಕ್ರೋಮೀಟರ್‌ನಿಂದ ಅಳೆಯಿರಿ. ತಣ್ಣಗಾಗಲು ಬಿಡುವುದು ಬರೀ ಶಾಸ್ತ್ರಕ್ಕಲ್ಲ. ಉಕ್ಕು ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುವುದರಿಂದ, ಕೋಣೆಗಿಂತ 20 ಡಿಗ್ರಿ ಬಿಸಿಯಾಗಿರುವ 25 ಮಿ.ಮೀ. ಶಾಫ್ಟ್ ತನ್ನ ನಿಜವಾದ ಅಳತೆಗಿಂತ ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ನಮ್ಮ 13 ಮೈಕ್ರಾನ್‌ನಲ್ಲಿ ಅರ್ಧದಷ್ಟು ಅಲ್ಲಿಯೇ ಹೋಯಿತು.

ಐದೂ ಜಾಬ್‌ಗಳು ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ದೋಷ ಪ್ರೋಗ್ರಾಂನಲ್ಲಿ ಅಥವಾ ಆಫ್‌ಸೆಟ್‌ನಲ್ಲಿದೆ. ಅಳತೆ ಒಂದೇ ದಿಕ್ಕಿನಲ್ಲಿ ಜಾಬ್‌ನಿಂದ ಜಾಬ್‌ಗೆ ಸರಿಯುತ್ತಿದ್ದರೆ ಇನ್ಸರ್ಟ್ ಸವೆತ ಇಲ್ಲವೇ ಯಂತ್ರದ ಬಿಸಿ ಕಾರಣ. ಹಿಂದೆ ಮುಂದೆ ಚೆದುರಿದ್ದರೆ ಇನ್ಸರ್ಟ್ ಕೂತಿರುವ ಜಾಗದಲ್ಲಿ ಚೂರು ಸಿಕ್ಕಿರಬಹುದು, ಟರೆಟ್ (ಟೂಲ್‌ಗಳನ್ನು ಹಿಡಿದಿರುವ ತಲೆ) ಸರಿಯಾಗಿ ಬಿಗಿಯುತ್ತಿಲ್ಲದಿರಬಹುದು, ಜಾಬ್ ಹಿಡಿಯುವ ಚಕ್‌ನ ಒತ್ತಡ ಕಡಿಮೆಯಿರಬಹುದು ಅಥವಾ ಅಕ್ಷದಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗಿನ ಸಡಿಲ) ಇರಬಹುದು. ಕೊನೆಯದನ್ನು ಪರೀಕ್ಷಿಸಲು ಟರೆಟ್‌ಗೆ ಡಯಲ್ ತಾಗಿಸಿ, ಕೈಚಕ್ರದಿಂದ ಒಂದು ದಿಕ್ಕಿನಲ್ಲಿ 0.01ರಂತೆ ಕೆಲವು ಹೆಜ್ಜೆ ಹೋಗಿ, ದಿಕ್ಕು ಬದಲಿಸಿದಾಗ ಎಷ್ಟು ಹೆಜ್ಜೆ ಹಾಕಿದ ಮೇಲೆ ಮುಳ್ಳು ಅಲುಗುತ್ತದೆ ಎಂದು ನೋಡಿದರೆ ಸಾಕು. ಬೇರೆ ಬೇರೆ ಜಾಬ್‌ಗೆ ಬೇರೆ ಬೇರೆ ಅಳತೆ ಕೊಡುವ ತಪ್ಪು ಪ್ರೋಗ್ರಾಂನಿಂದ ಬರುವುದಿಲ್ಲ, ಏಕೆಂದರೆ ಓದಲಾಗುವ ಸಾಲು ಪ್ರತಿ ಸಲವೂ ಅದೇ.

ಸರಿಯುವ ಅಳತೆಯ ಬಗ್ಗೆ ಒಂದು ಮಾತು. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಪಾಳಿಯ ಮೊದಲ ಜಾಬ್‌ಗಳು ಒಂದು ಅಳತೆಗೂ ಹತ್ತು ಗಂಟೆಯ ನಂತರದವು ಇನ್ನೊಂದು ಅಳತೆಗೂ ಬರುವುದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಎಕ್ಸ್ ಅಕ್ಷವನ್ನು ಸರಿಸುವ ಬಾಲ್ ಸ್ಕ್ರೂನಲ್ಲಿ ಬೇರಿಂಗ್‌ನಿಂದ ನಟ್‌ವರೆಗಿನ 300 ಮಿ.ಮೀ. ಭಾಗ 5 ಡಿಗ್ರಿ ಬಿಸಿಯಾದರೆ ಅದು ಸುಮಾರು 17 ಮೈಕ್ರಾನ್ ಉದ್ದವಾಗುತ್ತದೆ, ವ್ಯಾಸದಲ್ಲಿ ಅದು 34 ಮೈಕ್ರಾನ್. ಕೆ6 ಅಳತೆಗೆ ಇದು ಬಹಳ ಹೆಚ್ಚು. ಜಾಬ್ ಹಾಕುವ ಮೊದಲು ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ಮತ್ತು ಎರಡೂ ಅಕ್ಷಗಳನ್ನು ಹದಿನೈದು ಇಪ್ಪತ್ತು ನಿಮಿಷ ಖಾಲಿ ಓಡಿಸುವುದೇ ಇದಕ್ಕೆ ಪರಿಹಾರ, ಪ್ರೋಗ್ರಾಂ ತಿದ್ದುವುದಲ್ಲ.

ಆಫ್‌ಸೆಟ್ ಪುಟ

ಒಂದೇ ಟೂಲ್ ತಿರುಗಿಸಿದ 40 ಮತ್ತು 25 ಎರಡೂ ವ್ಯಾಸಗಳು 0.05 ದಪ್ಪ ಬಂದಿದ್ದರೆ ಅದು ಆ ಟೂಲ್‌ನ ಆಫ್‌ಸೆಟ್. ಝಡ್ ದಿಕ್ಕಿನಲ್ಲಿ ಎಲ್ಲ ಟೂಲ್‌ಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಜಾಬ್‌ನ ಸೊನ್ನೆ ಎಲ್ಲಿದೆ ಎಂದು ಹೇಳುವ ವರ್ಕ್ ಶಿಫ್ಟ್ ಅಥವಾ ಜಿ54ರ ಬೆಲೆ ಬದಲಾಗಿದೆ. ಒಂದು ಟೂಲ್ ಮಾತ್ರ ತಪ್ಪಿದ್ದರೆ ಅದರ ಮೂಲ ಅಳತೆಗಳಿರುವ ಜಿಯೊಮೆಟ್ರಿ ಪುಟ ನೋಡಬೇಕು.

ಸವೆತಕ್ಕಾಗಿ ಸಣ್ಣ ತಿದ್ದುಪಡಿ ಹಾಕುವ ವೇರ್ ಪುಟದಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಅಲ್ಲಿ ಈಗಾಗಲೇ -0.050 ಇದೆ, ಜಾಬ್ 0.02 ದಪ್ಪವಿದೆ, ಆದ್ದರಿಂದ ಇನ್ನೂ 0.02 ಇಳಿಸಬೇಕು ಎಂದುಕೊಳ್ಳಿ. -0.02 ಎಂದು ಒತ್ತಿ ಪ್ಲಸ್ ಇನ್‌ಪುಟ್ ಒತ್ತಿದರೆ ಬೆಲೆ -0.070 ಆಗುತ್ತದೆ, ಅದೇ ಬೇಕಾಗಿದ್ದುದು. ಬರೀ ಇನ್‌ಪುಟ್ ಒತ್ತಿದರೆ ಹಳೆಯ ಬೆಲೆ ಅಳಿಸಿಹೋಗಿ -0.020 ಕೂರುತ್ತದೆ, ಮುಂದಿನ ಜಾಬ್ ತೆಳುವಾಗುವ ಬದಲು ಇನ್ನೂ 0.03 ದಪ್ಪ ಬರುತ್ತದೆ. "ಕಡಿಮೆ ಮಾಡಿದಷ್ಟೂ ಜಾಸ್ತಿ ಆಗ್ತಿದೆ ಸಾರ್" ಎಂದು ಆಪರೇಟರ್ ಹೇಳಿದರೆ ಮೊದಲು ಯಾವ ಗುಂಡಿ ಒತ್ತಿದ್ದು ಎಂದು ಕೇಳಿ.

40 ಸರಿಯಿದ್ದು 25 ಮಾತ್ರ ತಪ್ಪಿದ್ದರೆ ಪ್ರೋಗ್ರಾಂನ ಆ ಸಾಲನ್ನು ಡ್ರಾಯಿಂಗ್ ಜೊತೆ ಹೋಲಿಸುವ ಸಮಯ ಬಂದಿದೆ. ಆದರೆ ಅದಕ್ಕೂ ಮೊದಲು 25ರ ಭಾಗ ತುದಿಯಿಂದ ಬುಡದವರೆಗೆ ಸಮವಾಗಿದೆಯೇ ಎಂದು ಮೂರು ಕಡೆ ಅಳೆಯಿರಿ. ಚಕ್‌ನಿಂದ ದೂರದ ತುದಿ ದಪ್ಪವಿದ್ದರೆ ಟೂಲ್‌ನ ಒತ್ತಡಕ್ಕೆ ಶಾಫ್ಟ್ ಬಾಗುತ್ತಿರಬಹುದು, ಇಲ್ಲವೇ ಸ್ಪಿಂಡಲ್ ಮತ್ತು ಝಡ್ ಅಕ್ಷ ಒಂದಕ್ಕೊಂದು ಸಮಾನಾಂತರವಾಗಿಲ್ಲದಿರಬಹುದು. ಯಾವುದೆಂದು ತಿಳಿಯಲು, ಏನನ್ನೂ ಬದಲಿಸದೆ ಕೊನೆಯ ನಯವಾದ ಕಟ್, ಅಂದರೆ ಫಿನಿಷ್ ಪಾಸ್ ಅನ್ನು ಮತ್ತೊಮ್ಮೆ ಓಡಿಸಿ. ಈ ಟೇಪರ್ (ತುದಿಗೂ ಬುಡಕ್ಕೂ ಇರುವ ದಪ್ಪದ ವ್ಯತ್ಯಾಸ) ಇಳಿದರೆ ಬಾಗುವಿಕೆ, ಹಾಗೆಯೇ ಉಳಿದರೆ ಯಂತ್ರದ ಜೋಡಣೆ. ಕೆಲವು ಸೆಟ್ಟರ್‌ಗಳು ಇಂಥ ಟೇಪರ್ ಅನ್ನು ಪ್ರೋಗ್ರಾಂನಲ್ಲೇ ಎದುರು ಟೇಪರ್ ಬರೆದು ಸರಿಪಡಿಸುತ್ತಾರೆ. ತುರ್ತಿನಲ್ಲಿ ಅದು ಕೆಲಸಕ್ಕೆ ಬರುತ್ತದೆಯಾದರೂ ಆ ಪ್ರೋಗ್ರಾಂ ಅಂದಿನಿಂದ ಆ ಒಂದು ಯಂತ್ರಕ್ಕೆ ಮಾತ್ರ ಸರಿ, ಆದ್ದರಿಂದ ತಲೆಬರಹದಲ್ಲಿ ಆ ವಿಷಯ ಬರೆದಿರಲೇಬೇಕು.

ಬಿಟ್ಟುಹೋದ ದಶಮಾಂಶ ಬಿಂದು

ಇನ್ನು ಮುಂದಿನದು ಪ್ರೋಗ್ರಾಂನ ಒಳಗಿನ ದೋಷಗಳು. ಎಲ್ಲಕ್ಕಿಂತ ಅಪಾಯಕಾರಿಯಾದುದು ಕಣ್ಣಿಗೆ ಎಲ್ಲಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ, ಮಿ.ಮೀ. ಪದ್ಧತಿಯಲ್ಲಿ, ಬಿಂದುವಿಲ್ಲದ ಸಂಖ್ಯೆಯನ್ನು ನಿಯಂತ್ರಕ 0.001 ಮಿ.ಮೀ.ಗಳ ಲೆಕ್ಕದಲ್ಲಿ ಓದುತ್ತದೆ. "ಝಡ್-25." ಎಂದರೆ 25 ಮಿ.ಮೀ., "ಝಡ್-25" ಎಂದರೆ 0.025 ಮಿ.ಮೀ. ಪ್ರೋಗ್ರಾಂ ಅನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಓದಿಸುತ್ತಿದ್ದ ಕಾಲದ ಉಳಿಕೆ ಇದು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರದರ್ಶಿಸಲಾದ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವೂ ಅಂಥ ಪಟ್ಟಿಯಿಂದಲೇ ಆದೇಶ ಪಡೆಯುತ್ತಿತ್ತು.

ಈ ತಪ್ಪು ಎರಡು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕತ್ತರಿಸುವ ಸಾಲಿನಲ್ಲಿ ಬಿಂದು ಬಿಟ್ಟರೆ ಟೂಲ್ ಅಲುಗದೆ ಮುಂದಿನ ಸಾಲಿಗೆ ಹೋಗುತ್ತದೆ, ನಷ್ಟ ಹೆಚ್ಚಿಲ್ಲ. ಆದರೆ ಜಾಬ್‌ನ ಬಳಿಗೆ ಬರುವ "ಜಿ00 ಝಡ್2." ಎಂಬ ಸಾಲಿನಲ್ಲಿ ಬಿಂದು ಬಿಟ್ಟುಹೋದರೆ ಟೂಲ್ 2 ಮಿ.ಮೀ. ದೂರದಲ್ಲಿ ನಿಲ್ಲುವ ಬದಲು 0.002ವರೆಗೆ ರ್‍ಯಾಪಿಡ್ ವೇಗದಲ್ಲಿ ಬರುತ್ತದೆ, ಸರಳಿನ ಮುಖದಲ್ಲಿ ಇನ್ನೂ ಫೇಸಿಂಗ್ (ಮುಖ ಸಮಗೊಳಿಸುವುದು) ಆಗದ 1 ಮಿ.ಮೀ. ಲೋಹ ಇದ್ದರೆ ನೇರ ಅದಕ್ಕೆ ಗುದ್ದುತ್ತದೆ. ಹಾಗೆಯೇ "ಜಿ04 ಎಕ್ಸ್2." ಎರಡು ಸೆಕೆಂಡ್ ಕಾಯುತ್ತದೆ, "ಜಿ04 ಎಕ್ಸ್2" ಕಾಯುವುದೇ ಇಲ್ಲ ಎನ್ನಬಹುದು.

ಬಿಂದುವಿಲ್ಲದ ಸಂಖ್ಯೆಯನ್ನೂ ಮಿ.ಮೀ. ಎಂದೇ ಓದುವಂತೆ ಹೊಂದಿಸಲು 3401ನೇ ಪ್ಯಾರಾಮೀಟರ್‌ನ ಸೊನ್ನೆಯ ಬಿಟ್ ಇದೆ. ಒಂದೇ ಶೆಡ್‌ನ ಎರಡು ಯಂತ್ರಗಳಲ್ಲಿ ಈ ಬಿಟ್ ಬೇರೆ ಬೇರೆಯಾಗಿದ್ದರೆ, ಒಂದರಲ್ಲಿ ವರ್ಷಗಟ್ಟಲೆ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಮೊದಲ ಸಾಲಿಗೇ ಅನಾಹುತ ಮಾಡಬಲ್ಲದು. ಎರಡನ್ನೂ ಒಂದೇ ರೀತಿ ಇಟ್ಟುಕೊಂಡು, ಅದರ ಮೇಲೂ ಬಿಂದು ಬರೆಯುವ ಅಭ್ಯಾಸ ಬಿಡದಿರುವುದು ಒಳ್ಳೆಯದು. ಬಿಂದು ಬರೆಯಲೇಬಾರದ ಕಡೆಗಳೂ ಇವೆ: ಥ್ರೆಡ್‌ನ ಜಿ76 ಸೈಕಲ್‌ನಲ್ಲಿ (ಒಂದೇ ಆದೇಶದಿಂದ ನಡೆಯುವ ಕಟ್‌ಗಳ ಸರಣಿ) ಆಳವನ್ನು ಸೂಚಿಸುವ ಪಿ ಮತ್ತು ಮೊದಲ ಕಟ್ ಸೂಚಿಸುವ ಕ್ಯೂ ಮೈಕ್ರಾನ್‌ನಲ್ಲಿರುತ್ತವೆ. ಎಂ20 × 2.5 ಥ್ರೆಡ್‌ನ ಆಳ 1.534 ಮಿ.ಮೀ., ಅದನ್ನು ಪಿ1534 ಎಂದೇ ಬರೆಯಬೇಕು.

ಹಿಂದಿನ ಸಾಲಿನ ಆದೇಶ

ಯಂತ್ರ ಹೇಗೆ ಚಲಿಸಬೇಕೆಂದು ಹೇಳುವ ಜಿ ಕೋಡ್‌ಗಳಲ್ಲಿ ಬಹುಪಾಲು, ಅದೇ ಗುಂಪಿನ ಇನ್ನೊಂದು ಕೋಡ್ ಬರುವವರೆಗೆ ಜಾರಿಯಲ್ಲೇ ಇರುತ್ತವೆ. ಜಿ99ರಲ್ಲಿ ಎಫ್0.2 ಎಂದರೆ ಟೂಲ್‌ನ ಫೀಡ್ (ಮುನ್ನಡೆ) ಸ್ಪಿಂಡಲ್‌ನ ಪ್ರತಿ ಸುತ್ತಿಗೆ 0.2 ಮಿ.ಮೀ., ಜಿ98ರಲ್ಲಿ ಅದೇ ಎಫ್0.2 ನಿಮಿಷಕ್ಕೆ 0.2 ಮಿ.ಮೀ. ಡ್ರಿಲ್‌ಗೆಂದು ಜಿ98 ಹಾಕಿ, ಮುಂದಿನ ಟೂಲ್‌ಗೆ ಜಿ99 ಬರೆಯಲು ಮರೆತರೆ ಟೂಲ್ ನಿಂತೇ ಹೋದಂತೆ ಕಾಣುತ್ತದೆ. ಇದರ ಎದುರಿನದು, ಜಿ99ರಲ್ಲಿ ಎಫ್100 ಬರುವುದು, ಇನ್ಸರ್ಟ್‌ಗೂ ಹೋಲ್ಡರ್‌ಗೂ ಮಾರಕ. ಮಿಲ್ಲಿಂಗ್ ಯಂತ್ರದಲ್ಲಿ ಪಳಗಿದವರು ಲೇತ್ ಪ್ರೋಗ್ರಾಂನ ತಲೆಯಲ್ಲಿ ಅಭ್ಯಾಸಬಲದಿಂದ ಜಿ90 ಬರೆಯುವುದುಂಟು; ಎ ಪದ್ಧತಿಯ ಜಿ ಕೋಡ್‌ಗಳಿರುವ ಲೇತ್‌ನಲ್ಲಿ ಜಿ90 ಎಂಬುದು ಟರ್ನಿಂಗ್ ಸೈಕಲ್. ಪ್ರತಿ ಟೂಲ್‌ನ ಆರಂಭದಲ್ಲೂ ಜಿ99, ಜಿ40 (ನೋಸ್ ರೇಡಿಯಸ್ ಪರಿಹಾರ ರದ್ದು), ಜಿ97 (ಸ್ಥಿರ ಸುತ್ತು) ಅಥವಾ ಜಿ96ನ್ನು (ಸ್ಥಿರ ಕತ್ತರಿಕೆ ವೇಗ) ಹೊಸದಾಗಿ ಬರೆಯುವುದು ಎರಡು ಸಾಲಿನ ಖರ್ಚಿನಲ್ಲಿ ಇಂಥ ದೋಷಗಳನ್ನೆಲ್ಲ ತಡೆಯುತ್ತದೆ.

ಜಿ96 ಹಾಕಿದಾಗ ವ್ಯಾಸ ಇಳಿದಂತೆ ಸ್ಪಿಂಡಲ್ ವೇಗ ಏರುತ್ತದೆ. ನಿಮಿಷಕ್ಕೆ 180 ಮೀಟರ್ ಕೊಟ್ಟರೆ 45 ಮಿ.ಮೀ.ನಲ್ಲಿ ಸುಮಾರು 1270 ಸುತ್ತು, ಫೇಸಿಂಗ್ ಮಾಡುತ್ತ 10 ಮಿ.ಮೀ. ತಲುಪಿದಾಗ 5700ನ್ನು ದಾಟುತ್ತದೆ. ಸುತ್ತು 2500 ದಾಟದಂತೆ ತಡೆಯುವ ಜಿ50 ಎಸ್2500ರಂಥ ಮಿತಿ ಇಲ್ಲದಿದ್ದರೆ ಮುಖದ ನಡುಭಾಗದಲ್ಲಿ ಮಾತ್ರ ಅದುರಿದ ಗುರುತು ಕಾಣುವುದು ಇದೇ ಕಾರಣಕ್ಕೆ. ಥ್ರೆಡ್ ಕತ್ತರಿಸುವಾಗ ಮಾತ್ರ ಜಿ97 ಇರಲೇಬೇಕು, ಪಾಸ್‌ನಿಂದ ಪಾಸ್‌ಗೆ ಸುತ್ತು ಬದಲಾದರೆ ಥ್ರೆಡ್ ಹಿಂದಿನ ಜಾಡಿನಲ್ಲಿ ಬೀಳುವುದಿಲ್ಲ.

ವ್ಯಾಸ ಸರಿ, ಚಾಂಫರ್ ತಪ್ಪು

ವ್ಯಾಸ ಸರಿಯಿದ್ದೂ ಚಾಂಫರ್ (ಅಂಚಿನ ಓರೆ ಕತ್ತರಿಕೆ) ತಪ್ಪುವ ದೋಷವನ್ನು ಅಂದಾಜಿನಿಂದಲ್ಲ, ಲೆಕ್ಕದಿಂದಲೇ ಹಿಡಿಯಬಹುದು. ಇನ್ಸರ್ಟ್‌ನ ತುದಿ ಚೂಪಾಗಿಲ್ಲ, ಅದಕ್ಕೆ 0.4 ಅಥವಾ 0.8 ಮಿ.ಮೀ. ನೋಸ್ ರೇಡಿಯಸ್ (ತುದಿಯ ದುಂಡು) ಇರುತ್ತದೆ. ನಾವು ಟೂಲ್ ಸೆಟ್ ಮಾಡುವಾಗ ವ್ಯಾಸಕ್ಕೆ ತಾಗುವ ಬಿಂದು ಒಂದು, ಮುಖಕ್ಕೆ ತಾಗುವ ಬಿಂದು ಇನ್ನೊಂದು. ಇವೆರಡೂ ಕೂಡುವ ಮೂಲೆ ಲೋಹವಿಲ್ಲದ ಕಾಲ್ಪನಿಕ ಜಾಗ. ಪ್ರೋಗ್ರಾಂ ನಡೆಸುವುದು ಆ ಕಾಲ್ಪನಿಕ ತುದಿಯನ್ನು. ನೇರ ಟರ್ನಿಂಗ್ ಮತ್ತು ಫೇಸಿಂಗ್‌ನಲ್ಲಿ ಇದರಿಂದ ಅಳತೆ ಕೆಡುವುದಿಲ್ಲ. ಓರೆ ಮತ್ತು ದುಂಡು ಬಂದ ಕಡೆ ಲೋಹ ಉಳಿದುಹೋಗುತ್ತದೆ.

45 ಡಿಗ್ರಿ ಚಾಂಫರ್‌ನಲ್ಲಿ ಬದಿಯ ಅಳತೆ ನೋಸ್ ರೇಡಿಯಸ್‌ನ 0.586 ಪಟ್ಟು ಕಡಿಮೆಯಾಗುತ್ತದೆ. 1 ಮಿ.ಮೀ. ಚಾಂಫರ್ ಕೇಳಿದ ಕಡೆ, 0.8 ಇನ್ಸರ್ಟ್ ಇದ್ದರೆ 0.53 ಬರುತ್ತದೆ, 0.4 ಇದ್ದರೆ 0.77 ಬರುತ್ತದೆ. ಹೊರಮೂಲೆಯ ದುಂಡಿನಲ್ಲಿ ರೇಡಿಯಸ್‌ನಷ್ಟೇ ಕೊರತೆ ಬೀಳುತ್ತದೆ: ಆರ್2 ಬರೆದರೆ 0.8 ಇನ್ಸರ್ಟ್‌ನಲ್ಲಿ 1.2 ಸಿಗುತ್ತದೆ. ಪ್ರೊಫೈಲ್ ಪ್ರೊಜೆಕ್ಟರ್ ಇಲ್ಲದಿದ್ದರೂ ಭೂತಗನ್ನಡಿ ಮತ್ತು ವರ್ನಿಯರ್‌ನಿಂದ ಅರ್ಧ ಮಿ.ಮೀ. ವ್ಯತ್ಯಾಸ ತಿಳಿಯುತ್ತದೆ. ಅಳತೆ 0.53ರ ಸುಮಾರಿಗೆ ಬಂದಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ, ನೋಸ್ ರೇಡಿಯಸ್‌ನ ಪರಿಹಾರ ಕೆಲಸ ಮಾಡುತ್ತಿಲ್ಲ.

ಆಗ ಪ್ರೋಗ್ರಾಂನಲ್ಲಿ ಆ ಪರಿಹಾರವನ್ನು ಚಾಲೂ ಮಾಡುವ ಜಿ42 ಇದೆಯೇ ನೋಡಿ. ಇದ್ದೂ ಫಲಿತಾಂಶ ಅದೇ ಆಗಿದ್ದರೆ ಆಫ್‌ಸೆಟ್ ಪುಟದಲ್ಲಿ ಆರ್ (ನೋಸ್ ರೇಡಿಯಸ್) ಮತ್ತು ಟಿ (ತುದಿಯ ದಿಕ್ಕು) ಕಾಲಂಗಳನ್ನು ನೋಡಿ, ಬಹುತೇಕ ಆರ್ ಸೊನ್ನೆಯಿರುತ್ತದೆ. ಸಾಮಾನ್ಯ ಹಿಂಬದಿ ಟರೆಟ್‌ನ ಯಂತ್ರದಲ್ಲಿ ಚಕ್ ಕಡೆಗೆ ಹೊರವ್ಯಾಸ ತಿರುಗಿಸುವ ಟೂಲ್‌ಗೆ ಜಿ42 ಮತ್ತು ಟಿ3, ಬೋರಿಂಗ್‌ಗೆ (ಒಳರಂಧ್ರ ಹಿಗ್ಗಿಸುವುದಕ್ಕೆ) ಜಿ41 ಮತ್ತು ಟಿ2. ಜಿ41, ಜಿ42 ಅದಲುಬದಲಾದರೆ ಚಾಂಫರ್ ಮಾತ್ರವಲ್ಲ, ವ್ಯಾಸವೇ ಹಾಳಾಗುತ್ತದೆ. ಅಂಗಡಿಯಲ್ಲಿ 0.8 ಸಿಗದೆ 0.4 ಇನ್ಸರ್ಟ್ ತಂದು ಹಾಕಿದ ದಿನ ಆರ್ ಬೆಲೆ ಬದಲಿಸಲು ಮರೆತರೆ ಹೊರಗಿನ ಅಳತೆಗಳೆಲ್ಲ ಸರಿಯಿದ್ದು ಚಾಂಫರ್ ಒಂದೇ ಹಾದಿ ತಪ್ಪುತ್ತದೆ. ಅಲಾರಂ 041 ಬಂದರೆ, ಟೂಲ್ ತೂರಲಾರದಷ್ಟು ಕಿರಿದಾದ ಜಾಗ ಪ್ರೊಫೈಲ್‌ನಲ್ಲಿದೆ ಎಂದು ನಿಯಂತ್ರಕ ಮೊದಲೇ ಲೆಕ್ಕ ಹಾಕಿದೆ. ಥ್ರೆಡ್‌ನ ಹಿಂದಿನ ಚಿಕ್ಕ ಗ್ರೂವ್‌ನಲ್ಲಿ ಇದು ಆಗಾಗ ಕಾಣುತ್ತದೆ. ಜಿ42 ಅನ್ನು ದುಂಡಿನ ಸಾಲಿನಲ್ಲಿ ಆರಂಭಿಸಬಾರದು. ಲೋಹದಿಂದ ಹೊರಗೆ, ನೋಸ್ ರೇಡಿಯಸ್‌ಗಿಂತ ಉದ್ದದ ನೇರ ಚಲನೆಯಲ್ಲಿ ಆರಂಭಿಸಬೇಕು.

ಜಿ71 ಸೈಕಲ್‌ನ ಬಲೆಗಳು

ಜಿ71 ಒರಟು ಕತ್ತರಿಕೆಯನ್ನು ಪಿ ಮತ್ತು ಕ್ಯೂ ಸೂಚಿಸುವ ಸಾಲುಗಳ ನಡುವಿನ ಪ್ರೊಫೈಲ್‌ನಿಂದ ಲೆಕ್ಕ ಹಾಕುತ್ತದೆ. ಹಳೆಯ ಪ್ರೋಗ್ರಾಂನಿಂದ ನಕಲು ಮಾಡಿ ಅಂಟಿಸಿದಾಗ ಒಂದೇ ಪ್ರೋಗ್ರಾಂನಲ್ಲಿ ಎನ್100 ಎಂಬ ಒಂದೇ ಸಾಲುಸಂಖ್ಯೆ ಎರಡು ಕಡೆ ಉಳಿದುಬಿಟ್ಟರೆ ನಿಯಂತ್ರಕ ಬೇರೆಯದೇ ಪ್ರೊಫೈಲ್ ಹಿಡಿಯಬಹುದು. ಬೋರ್ 0.4 ಮಿ.ಮೀ. ಹೆಚ್ಚಾಗಿ ಬಂದಿದ್ದರೆ ಫಿನಿಷ್‌ಗೆ ಬಿಡುವ ಯು ಬೆಲೆಯ ಚಿಹ್ನೆ ನೋಡಿ: ಹೊರವ್ಯಾಸಕ್ಕೆ ಯು0.4, ಬೋರ್‌ಗೆ ಯು-0.4. ಚಿಹ್ನೆ ಬಿಟ್ಟುಹೋದರೆ ಬಿಡಬೇಕಾದ ಲೋಹವನ್ನೇ ಒರಟು ಪಾಸ್ ಕತ್ತರಿಸಿಹಾಕುತ್ತದೆ. ಪಿ ಮತ್ತು ಕ್ಯೂ ನಡುವೆ ಬರೆದ ಎಫ್ ಒರಟು ಪಾಸ್‌ಗೆ ಲೆಕ್ಕಕ್ಕಿಲ್ಲ, ಅದು ಫಿನಿಷ್‌ನ ಜಿ70ಕ್ಕೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಅಲ್ಲಿ ಫೀಡ್ ಬದಲಿಸಿ ಒರಟು ಪಾಸ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಚಿಂತಿಸಬೇಕಿಲ್ಲ. ಪ್ರೊಫೈಲ್‌ನ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಎಕ್ಸ್ ಮಾತ್ರ ಇರಬೇಕು.

ಅಲಾರಂ ಇಲ್ಲ, ಚಲನೆಯೂ ಇಲ್ಲ

ಸೈಕಲ್ ಸ್ಟಾರ್ಟ್ ದೀಪ ಉರಿಯುತ್ತಿದೆ, ಯಾವ ಅಲಾರಂ ಕೂಡ ಇಲ್ಲ, ಯಂತ್ರ ಮಾತ್ರ ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ರೀಸೆಟ್ ಒತ್ತಿದರೆ ಸುಳಿವೂ ಅಳಿಸಿಹೋಗುತ್ತದೆ. ಅದಕ್ಕಿಂತ ಮೊದಲು ಡಯಾಗ್ನೋಸಿಸ್ ಪುಟ ತೆರೆಯಿರಿ. ಮೊದಲ ಕೆಲವು ಸಂಖ್ಯೆಗಳಲ್ಲಿ ಯಾವುದರ ಮುಂದೆ 1 ಇದೆಯೋ ಅದಕ್ಕಾಗಿ ನಿಯಂತ್ರಕ ಕಾಯುತ್ತಿದೆ. 000 ಎಂದರೆ ಎಂ (ಸಹಾಯಕ ಕೆಲಸ), ಎಸ್ (ಸ್ಪಿಂಡಲ್ ವೇಗ) ಅಥವಾ ಟಿ (ಟೂಲ್) ಆದೇಶ ಮುಗಿಯಿತೆಂಬ ಸಂಕೇತ ಬಂದಿಲ್ಲ. ಚಕ್‌ನ ಪ್ರೆಷರ್ ಸ್ವಿಚ್, ಟರೆಟ್‌ನ ಸೆನ್ಸರ್ ಕಡೆ ಹೋಗಬೇಕು. 002 ಎಂದರೆ ಜಿ04 ಕಾಯುತ್ತಿದೆ. 004 ಬಂದರೆ ಫೀಡ್ ಓವರ್‌ರೈಡ್ ಸೊನ್ನೆಯಲ್ಲಿದೆ, ಯಾರೋ ತಿರುಗಿಸಿ ಮರೆತಿದ್ದಾರೆ. 005 ಇಂಟರ್‌ಲಾಕ್, ಅಂದರೆ ಬಾಗಿಲು ಇತ್ಯಾದಿ. 006 ಬಂದರೆ ಸ್ಪಿಂಡಲ್ ಹೇಳಿದ ವೇಗ ತಲುಪಿಲ್ಲ, ಬೆಲ್ಟ್ ಜಾರುತ್ತಿರಬಹುದು. ಇವೆಲ್ಲವೂ ಸರಿಯಿದ್ದು ಜಿ99 ಜಾರಿಯಲ್ಲಿದ್ದರೆ ಸ್ಪಿಂಡಲ್ ತಿರುಗುತ್ತಿದೆಯೇ ಎಂದು ಕಣ್ಣಾರೆ ನೋಡಿ. ಪ್ರತಿ ಸುತ್ತಿಗೆ ಇಷ್ಟೆಂದು ಫೀಡ್ ಕೊಟ್ಟ ಮೇಲೆ ಸುತ್ತೇ ಇಲ್ಲದಿದ್ದರೆ ಅಕ್ಷ ಕದಲುವುದಿಲ್ಲ. ಸ್ಪಿಂಡಲ್ ತಿರುಗಿಸುವ ಎಂ03 ಬರೆಯದೆ ಬಿಟ್ಟ ಪ್ರೋಗ್ರಾಂಗಳ ಲಕ್ಷಣ ಇದು. ಇದಕ್ಕೆ ಹೋಲಿಸಿದರೆ ಅಲಾರಂ 011 ಸುಲಭ, ಎಫ್ ಬರೆದೇ ಇಲ್ಲ ಎಂದು ಅದೇ ಹೇಳುತ್ತದೆ.

ನಡುವೆ ಕರೆಂಟ್ ಹೋದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸದಲ್ಲ. ಕಟ್ ನಡುವೆ ಯಂತ್ರ ನಿಂತರೆ, ವಿದ್ಯುತ್ ಬಂದ ಮೇಲೆ ಮೊದಲು ಟೂಲ್ ಅನ್ನು ಕೈಚಕ್ರದಿಂದ ಎಕ್ಸ್ ದಿಕ್ಕಿನಲ್ಲಿ ಹೊರತೆಗೆಯಿರಿ. ನಿಂತ ಸಾಲಿನಿಂದಲೇ ಮುಂದುವರಿಸುವ ಆಸೆ ಸಹಜವಾದರೂ ಹಾಗೆ ಮಾಡಬಾರದು, ಏಕೆಂದರೆ ಟಿ0101 ಕರೆದಿದ್ದ ಆಫ್‌ಸೆಟ್, ಜಿ50ರ ಮಿತಿ, ಸ್ಪಿಂಡಲ್ ಆದೇಶ ಯಾವುದೂ ಈಗ ಜಾರಿಯಲ್ಲಿಲ್ಲ. ಆ ಟೂಲ್‌ನ ಟಿ ಸಾಲಿಗಿಂತ ಮೊದಲಿನಿಂದ, ಜಿ50 ಸಾಲನ್ನೂ ಒಳಗೊಂಡು ಆರಂಭಿಸಬೇಕು. ಥ್ರೆಡ್ ಅರ್ಧದಲ್ಲಿ ನಿಂತಿದ್ದರೆ, ಶಾಫ್ಟ್ ಚಕ್‌ನಲ್ಲಿ ಕದಲಿಲ್ಲ ಎಂಬ ಖಾತ್ರಿ ಇಲ್ಲದೆ ಮತ್ತೆ ಅದೇ ಥ್ರೆಡ್ ಓಡಿಸುವುದು ವ್ಯರ್ಥ.

ಅಲಾರಂ 300 ಬಂದು ರೆಫರೆನ್ಸ್ (ಅಕ್ಷಗಳ ಮೂಲಬಿಂದು) ಕೇಳಿದರೆ ಅಕ್ಷದ ಸ್ಥಾನ ನೆನಪಿಡುವ ಅಬ್ಸೊಲ್ಯೂಟ್ ಎನ್‌ಕೋಡರ್‌ನ ಬ್ಯಾಟರಿ ಮುಗಿದು ಸ್ಥಾನ ಮರೆತಿದೆ ಎಂದು ತಿಳಿಯಬೇಕು. ಆ ಬ್ಯಾಟರಿಗಳನ್ನು ಯಂತ್ರ ಚಾಲೂ ಇರುವಾಗಲೇ ಬದಲಿಸಬೇಕು, ಆಫ್ ಮಾಡಿ ತೆಗೆದರೆ ಚೆನ್ನಾಗಿದ್ದ ಸ್ಥಾನವೂ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಬದಲಿಸಿಡುವುದು ಇಲ್ಲಿನ ಹವೆಗೆ ತಕ್ಕ ಕ್ರಮ. ರೆಫರೆನ್ಸ್ ಹೊಸದಾಗಿ ಹೊಂದಿಸಿದ ಮೇಲೆ ಎಲ್ಲ ಟೂಲ್‌ಗಳೂ ಒಂದೇ ಪ್ರಮಾಣದಲ್ಲಿ ತಪ್ಪಿ ಬಂದರೆ ಪ್ರೋಗ್ರಾಂ ಆಗಲಿ ಜಿಯೊಮೆಟ್ರಿ ಆಗಲಿ ತಿದ್ದಬೇಡಿ, ರೆಫರೆನ್ಸ್ ಬಿಂದುವೇ ಹಳೆಯ ಜಾಗದಲ್ಲಿಲ್ಲ.

ಲ್ಯಾಪ್‌ಟಾಪ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ಪ್ರೋಗ್ರಾಂ ಕಳಿಸುವಾಗ 085 ಅಥವಾ 086 ಬಂದರೆ ಎರಡೂ ಕಡೆಯ ಬಾಡ್ ರೇಟ್ (ದತ್ತಾಂಶ ಕಳಿಸುವ ವೇಗ) ಮತ್ತು ಕೇಬಲ್ ನೋಡಿ. ಪ್ರೋಗ್ರಾಂ ಪೂರ್ತಿ ಬಂದೂ ಒಂದೇ ಸಾಲಿನಲ್ಲಿ ಅಲಾರಂ ಬರುತ್ತಿದ್ದರೆ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಟೈಪ್ ಆಗಿದೆಯೇ ಎಂದು ಪರೀಕ್ಷಿಸಿ, ಯಂತ್ರದ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ತಿದ್ದಿದ ಪ್ರೋಗ್ರಾಂ ಅನ್ನು ಮೊದಲ ಸಲ ಓಡಿಸುವಾಗ ವರ್ಕ್ ಶಿಫ್ಟ್‌ನಲ್ಲಿ ಝಡ್ ಅನ್ನು 100 ಮಿ.ಮೀ. ಹೊರಗೆ ಸರಿಸಿ, ಚಕ್ ಖಾಲಿ ಬಿಟ್ಟು, ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲು), ರ್‍ಯಾಪಿಡ್ ಓವರ್‌ರೈಡ್ ತೀರಾ ಕಡಿಮೆ ಇಟ್ಟು ನಡೆಸಿ, ಪ್ರತಿ ಸಾಲಿನಲ್ಲೂ ಉಳಿದ ದೂರ ತೋರಿಸುವ ಅಂಕಿಯನ್ನು ನೋಡುತ್ತಿರಿ. ಟೂಲ್ ಜಾಬ್ ಇರಬೇಕಾದ ಜಾಗದ ಬಳಿ ಬಂದಂತೆ ಕಂಡಾಗ ಆ ಅಂಕಿ ಇನ್ನೂ 80 ತೋರಿಸುತ್ತಿದ್ದರೆ ಫೀಡ್ ಹೋಲ್ಡ್ ಒತ್ತಿ. ಎಲ್ಲ ಸರಿಯಿದ್ದರೆ ಶಿಫ್ಟ್ ಅನ್ನು ಮೊದಲಿನ ಬೆಲೆಗೆ ತಂದು, ಒಂದು ಜಾಬ್ ತೆಗೆದು ಅಳೆದು, ಅದಾದ ಮೇಲೆ ಯಂತ್ರದಲ್ಲಿರುವ ಪ್ರೋಗ್ರಾಂ ಅನ್ನು ಲ್ಯಾಪ್‌ಟಾಪ್‌ಗೆ ಹಿಂದಕ್ಕೆ ಪಡೆದು, ಬದಲಾದ ಸಾಲಿನ ಪಕ್ಕದಲ್ಲಿ ದಿನಾಂಕ ಮತ್ತು ಕಾರಣವನ್ನು ಕಂಸದೊಳಗೆ ಬರೆದು ಉಳಿಸಿ.